ಮೇಪಲ್ ಮರದ ಮರೆಯಲ್ಲಿ

ಅಪ್ಪ ಆ ಮೇಪಲ್ ಮರ ನೆಟ್ಟದ್ದು ನಾವು ಯಾರ ಕಣ್ಣಿಗೂ ಬೀಳಬಾರದು ಎಂದು. ಮೈಸೂರಿನ ನೆಂಟರ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ಬೇರೆ ಥರ ಹೇಳುತ್ತಿದ್ದರು. ಅಂಗಳ ದೊಡ್ಡದಿದೆ, ಬಣ್ಣದ ಎಲೆಯ ಗಿಡ ಹಾಕಿದ್ದೇನೆ, ನೋಡಲಿಕ್ಕೆ ಎರಡು ಕಣ್ಣು ಸಾಲದು ಎನ್ನುತ್ತಿದ್ದರು. ಆ ಮಾತು ಕೇಳಿಸಿಕೊಳ್ಳುತ್ತಾ ನಾನು ಪಕ್ಕದಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಎಂಟು ವರ್ಷದ ಹುಡುಗಿಗೆ ಎಲ್ಲ ಅರ್ಥವಾಗುತ್ತಿರಲಿಲ್ಲ. ಆದರೆ ಫೋನಿನಲ್ಲಿ ನಗುವ ಅಪ್ಪ ಬೇರೆ, ಫೋನ್ ಇಟ್ಟ ಮೇಲೆ ಕಿಟಕಿಯ ಪರದೆಯನ್ನು ಇನ್ನಷ್ಟು ಎಳೆಯುವ ಅಪ್ಪ ಬೇರೆ ಎನ್ನುವುದು ಚೆನ್ನಾಗಿ ಗೊತ್ತಿತ್ತು.

ಜಪಾನಿನ ತ್ಸುಕುಬಾ ಊರಿನ ಸಂಶೋಧನಾ ಸಂಸ್ಥೆಗಳು, ಅವುಗಳ ಮುಂದಿನ ಅಗಲ ರಸ್ತೆಗಳು ಎಲ್ಲ ಮುಗಿದು, ಹುಲ್ಲುಹಾಸು ಬೆಳೆಯುವ ಹೊಲಗಳು ಶುರುವಾಗುವ ಕಡೆ ನಮ್ಮ ಬಾಡಿಗೆ ಮನೆ ಇತ್ತು. ಅಮ್ಮ ಲೋಹಗಳ ಮೇಲೆ ಕೆಲಸ ಮಾಡುವ ಒಂದು ಪ್ರಯೋಗಾಲಯದಲ್ಲಿದ್ದಳು. ಅವಳ ಜೊತೆ ಕೆಲಸ ಮಾಡುವವರ ದೊಡ್ಡಮ್ಮನ ಹಳೆಯ ಮನೆ ಖಾಲಿ ಇತ್ತು, ನಮಗೆ ಸಿಕ್ಕಿತು. ಒಂದೇ ಅಂತಸ್ತಿನ ಮರದ ಮನೆ. ಮುಂದೆ ಉದ್ದಕ್ಕೆ ಹಲಗೆಯ ಜಗಲಿ, ಅದರ ಹಿಂದೆ ಚಾಪೆ ಹಾಸಿದ ಎರಡು ಕೋಣೆ, ಕೊನೆಯಲ್ಲಿ ಸದಾ ತಣ್ಣಗಿರುವ ಅಡುಗೆಮನೆ. ಹೂದಾನಿ ಇಡಲೆಂದು ಗೋಡೆಯಲ್ಲಿ ಮಾಡಿದ್ದ ಗೂಡಿನಲ್ಲಿ ಅಮ್ಮ ಚಾಮುಂಡಿಯ ಪಟ ಇಟ್ಟಿದ್ದಳು. ಅಂಗಳವಂತೂ ನಮ್ಮ ಮೂವರಿಗೆ ತೀರಾ ದೊಡ್ಡದು. ಜಗಲಿಯ ಎದುರಿಗೆ ಗೇಟು ಹತ್ತಿರವೇ ಇದ್ದರೂ, ಮನೆಯನ್ನು ಒಂದು ಸುತ್ತು ಬರುವುದೇ ಒಂದು ಪ್ರಯಾಣ ಅನ್ನಿಸುತ್ತಿತ್ತು. ಗೇಟಿನಾಚೆ ಕಿರಿದಾದ ರಸ್ತೆ. ರಸ್ತೆಯ ಆಚೆ ಬದಿಗೆ ಕಿಮುರಾ ಸಾನ್ ಎಂಬ ಒಂಟಿ ಅಜ್ಜಿಯ ಎರಡಂತಸ್ತಿನ ಮನೆ. ಆ ಮನೆಯ ಮೇಲಿನ ಕಿಟಕಿ ನೇರವಾಗಿ ನಮ್ಮ ಜಗಲಿಗೆ ಮುಖ ಮಾಡಿತ್ತು, ಹಗಲು ಹೊತ್ತು ಅದರಲ್ಲಿ ಅಜ್ಜಿಯ ಬಿಳಿ ತಲೆ ಕಾಣುತ್ತಿತ್ತು.

ಅಪ್ಪ ಮೈಸೂರಿನಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರಾಗಿದ್ದರು. ಅಮ್ಮನಿಗೆ ಈ ಕೆಲಸ ಸಿಕ್ಕಾಗ ರಾಜೀನಾಮೆ ಕೊಟ್ಟು ಜೊತೆಗೆ ಬಂದವರು. ಮೊದಲ ವರ್ಷ ಅವರು ಹೀಗಿರಲಿಲ್ಲ. ದಿನಾ ಸೈಕಲ್ ಹತ್ತಿ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದರು, ಕೊಂಬಿನಿ ಎನ್ನುವ ಹಗಲುರಾತ್ರಿಯ ಸಣ್ಣ ಅಂಗಡಿಯ ಹುಡುಗರ ಹತ್ತಿರ ತಪ್ಪುತಪ್ಪು ಜಪಾನಿ ಮಾತಾಡಿ ನಗಿಸುತ್ತಿದ್ದರು, ನನ್ನನ್ನು ಹಿಂದೆ ಕೂರಿಸಿಕೊಂಡು ತ್ಸುಕುಬಾ ಬೆಟ್ಟ ಕಾಣುವ ಕಡೆಗೆಲ್ಲ ತುಳಿಯುತ್ತಿದ್ದರು. ಆ ಸೈಕಲ್ ದೇಶಕ್ಕೆ ವಾಪಸು ಹೊರಟಿದ್ದ ಒಬ್ಬ ವಿದ್ಯಾರ್ಥಿಯಿಂದ ತೆಗೆದುಕೊಂಡದ್ದು. ಇಲ್ಲಿ ಸೈಕಲ್ಲಿಗೂ ಮಾಲೀಕನ ಹೆಸರು ನೋಂದಾಯಿಸಬೇಕು ಎನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ. ಒಂದು ಸಂಜೆ ಸ್ಟೇಷನ್ ಹತ್ತಿರ ಇಬ್ಬರು ಪೊಲೀಸರು ನಿಲ್ಲಿಸಿ, ಸೈಕಲ್ಲಿನ ಅಂಟುಚೀಟಿ ನೋಡಿ, ಇದು ನಿಮ್ಮದಾ ಎಂದು ಕೇಳಿದರು. ನಂತರ ಠಾಣೆಗೆ ಕರೆದುಕೊಂಡು ಹೋದರು. ಅಮ್ಮ ಹೋಗಿ, ಆ ವಿದ್ಯಾರ್ಥಿ ಫೋನಿನಲ್ಲಿ ಸಿಕ್ಕಿ, ಎಲ್ಲ ತಿಳಿಯಾದ ಮೇಲೆ ಪೊಲೀಸರೇ ಬಗ್ಗಿ ಕ್ಷಮೆ ಕೇಳಿ ಕಳಿಸಿಕೊಟ್ಟರಂತೆ. ನಡೆದದ್ದು ಇಷ್ಟೇ. ಮನೆಗೆ ಬಂದ ಅಪ್ಪ ಅಡುಗೆಮನೆಯ ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ನಿಂತರು.

"ಅವ್ರು ಬೈಲಿಲ್ಲ ಶೈಲಾ. ಬೈದಿದ್ರೆ ಚೆನ್ನಾಗಿತ್ತು," ಎಂದರು. "ನಗ್ತಾನೇ ಕೇಳ್ತಿದ್ರು. ಏನ್ ಕೇಳ್ತಿದಾರೆ ಅಂತ ನಂಗೆ ಒಂದಕ್ಷರ ತಿಳೀಲಿಲ್ಲ. ಹೂಂ ಅನ್ಬೇಕೋ ಉಹೂಂ ಅನ್ಬೇಕೋ ಗೊತ್ತಾಗ್ಲಿಲ್ಲ."

"ಆಯ್ತಲ್ಲ ರೀ, ಮುಗೀತಲ್ಲ," ಎಂದು ಅಮ್ಮ ನಲ್ಲಿ ನಿಲ್ಲಿಸಿದಳು. "ಇನ್ನೊಂದ್ಸಲ ಹಂಗಾಗಲ್ಲ."

"ಯಾರೋ ಹೇಳಿರ್ಬೇಕು ಅವ್ರಿಗೆ. ಎದುರುಮನೆಯಾಕೆ ಹೋದ ವಾರ ಸೈಕಲ್ ತೋರಿಸಿ ಏನೋ ಕೇಳಿದ್ರು ನೋಡು."

ಅಲ್ಲಿಂದ ಮುಂದೆ ನಮ್ಮ ಮನೆಯ ಕ್ರಮ ಬದಲಾಯಿತು. ಅದು ಒಂದೇ ದಿನ ಬದಲಾಗಿದ್ದರೆ ಅಮ್ಮ ಹೆದರಿ ಏನಾದರೂ ಮಾಡುತ್ತಿದ್ದಳೇನೋ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬದಲಾದ್ದರಿಂದ ಪ್ರತಿಸಲವೂ ಅದಕ್ಕೊಂದು ಕಾರಣ ಇರುತ್ತಿತ್ತು. ಭಾಷೆಯ ಕ್ಲಾಸು ಬಿಟ್ಟರು, ಮೇಷ್ಟ್ರು ಚೆನ್ನಾಗಿ ಹೇಳಿಕೊಡಲ್ಲ ಎಂದು. ಕೊಂಬಿನಿಗೆ ಹೋಗುವುದು ಬಿಟ್ಟರು, ಎಲ್ಲ ದುಬಾರಿ ಎಂದು. ಕಸ ಹಾಕಲು ರಸ್ತೆಯ ತಿರುವಿನ ತನಕ ಹೋಗಬೇಕಿತ್ತು, ಅದನ್ನು ಅಮ್ಮನೇ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಯ್ಯತೊಡಗಿದಳು. ಮನೆಯೊಳಗೆ ಮಾತ್ರ ಅಪ್ಪ ಮೊದಲಿಗಿಂತ ಚುರುಕಾದರು. ಅಡುಗೆ ಪೂರ್ತಿ ಅವರದೇ. ಊರಿಂದ ಬಂದ ಸಾರಿನ ಪುಡಿಯನ್ನು ಅಳೆದಳೆದು ಹಾಕಿ ಸಾರು ಮಾಡುತ್ತಿದ್ದರು, ಇಲ್ಲಿನ ಅಂಟು ಅಕ್ಕಿಯಲ್ಲೇ ಬಿಸಿಬೇಳೆಬಾತ್ ಮಾಡಿ "ಉಂಡೆ ಕಟ್ಟಿ ಆಟ ಆಡ್ಬಹುದು ಮರಿ" ಎಂದು ಬಡಿಸುತ್ತಿದ್ದರು. ಸ್ಕೂಲಿನಿಂದ ಬಂದ ಮೇಲೆ ನನ್ನನ್ನು ಕೂರಿಸಿಕೊಂಡು ಕನ್ನಡ ಬರೆಸುತ್ತಿದ್ದರು. ನಾನು ಜಪಾನಿಯಲ್ಲಿ ಉತ್ತರ ಕೊಟ್ಟರೆ ಕೇಳಿಸದವರಂತೆ ಇರುತ್ತಿದ್ದರು. ಇವತ್ತು ನಾನು ಈ ಪುಟಗಳನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅಪ್ಪ ಆ ಮೂರ್ನಾಲ್ಕು ವರ್ಷ ಮನೆಯಿಂದ ಹೊರಗೆ ಹೋಗದೆ ಇದ್ದುದರಿಂದ. ಇದನ್ನು ನೆನೆದಾಗ ಸಂತೋಷಪಡಬೇಕೋ ಬೇಡವೋ ನನಗೆ ಇನ್ನೂ ತಿಳಿದಿಲ್ಲ.

ಗಿಡ ತಂದದ್ದು ಆ ಚಳಿಗಾಲ ಕಳೆದು ವಸಂತ ಶುರುವಾಗುವ ಹೊತ್ತಿಗೆ. ಆಗಿನ್ನೂ ಭಾನುವಾರ ಅಮ್ಮನ ಕಾರಿನಲ್ಲಿ ಕೂತು ಹೊರಗೆ ಬರುತ್ತಿದ್ದರು. ಮನೆ ಸಾಮಾನಿನ ದೊಡ್ಡ ಅಂಗಡಿಯ ಹೊರಗೆ ಸಸಿಗಳನ್ನು ಸಾಲಾಗಿ ಇಟ್ಟಿದ್ದರು. ಅಲ್ಲಿ ಅಪ್ಪ ಒಂದು ಗಿಡದ ಮುಂದೆ ನಿಂತುಬಿಟ್ಟರು. ನನ್ನಷ್ಟೇ ಎತ್ತರ, ಕಡ್ಡಿಯಂಥ ಕಾಂಡ. ಚಿಗುರಿನ ತುದಿಯಲ್ಲಿ ತೆಳು ಗುಲಾಬಿ ಬಣ್ಣ, ಬಲಿತ ಎಲೆಗಳ ಅಂಚಿಗೆ ಬಿಳಿ. ಶರತ್ಕಾಲದಲ್ಲಿ ಇಲ್ಲಿನ ದೇವಸ್ಥಾನಗಳ ಸುತ್ತ ಕೆಂಪಾಗುತ್ತದಲ್ಲ, ಆ ಮೇಪಲ್ಲಿನ ದಾಯಾದಿಯೇ. ಆದರೆ ಎಲೆ ಅಂಗೈಯ ಆಕಾರದ್ದಲ್ಲ, ಒಂದೊಂದು ಕಡ್ಡಿಗೆ ಮೂರೋ ಐದೋ ಬಿಡಿ ಎಲೆ. ಕುಂಡಕ್ಕೆ ಕಟ್ಟಿದ್ದ ಚೀಟಿಯನ್ನು ಓದಲು ಹೇಳಿದರು. ಬಿಸಿಲು ಬೇಕು, ನೀರು ಬೇಕು, ಬೆಳವಣಿಗೆ ಬಹಳ ಬೇಗ ಎಂದು ಓದಿದೆ.

"ಕೊನೇದು ಇನ್ನೊಂದ್ಸಲ ಓದು," ಎಂದರು.

"ಬಹಳ ಬೇಗ ಬೆಳೆಯುತ್ತೆ."

ಗೇಟಿನ ಪಕ್ಕದಲ್ಲೇ, ಎದುರಿನ ಕಿಟಕಿಗೂ ನಮ್ಮ ಜಗಲಿಗೂ ಗೆರೆ ಎಳೆದರೆ ಸರಿಯಾಗಿ ನಡುವೆ ಬರುವ ಜಾಗದಲ್ಲಿ ಗುಂಡಿ ತೋಡಿದರು. ಹೊರಗಿನಿಂದ ನೋಡುವವರಿಗೆ ಅದೊಂದು ಚೆಂದದ ಹವ್ಯಾಸ. ತರಕಾರಿ ಸಿಪ್ಪೆ, ಕಾಫಿ ಚರಟ ಎಲ್ಲ ಆ ಗಿಡದ ಬುಡಕ್ಕೆ. ಸಂಜೆ ಮಬ್ಬಾದ ಮೇಲೆ, ಎದುರು ಕಿಟಕಿಯಲ್ಲಿ ಅಜ್ಜಿ ಇಲ್ಲವೆಂದು ನೋಡಿಕೊಂಡು ಪೈಪಿನಲ್ಲಿ ನೀರು ಬಿಡುತ್ತಿದ್ದರು. ಗಿಡ ಚೀಟಿಯ ಮಾತನ್ನು ಸುಳ್ಳು ಮಾಡಲಿಲ್ಲ. ಮೊದಲ ಬೇಸಿಗೆಗೇ ಅಪ್ಪನ ತಲೆ ದಾಟಿತು. ಮರುವರ್ಷ ಅಂಗಳದಲ್ಲಿದ್ದ ಶೆಡ್ಡಿನ ಮಾಡು ಮುಟ್ಟಿತು. ಅದರ ಮುಂದಿನ ವರ್ಷ ಗಿಡ ಎನ್ನುವಂತೆಯೇ ಇರಲಿಲ್ಲ, ನಮ್ಮ ಹೆಂಚು ದಾಟಿದ ಮರ. ಏಪ್ರಿಲ್ಲಿನಲ್ಲಿ ಅದು ಚಿಗುರಿದಾಗ ದಾರಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆಯುತ್ತಿದ್ದರು. ಒಳಗೆ ನಾವು ಮೂವರು ಅವರು ಹೋಗುವ ತನಕ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಮರ ಬೆಳೆದಂತೆಲ್ಲ ಮನೆಯೊಳಗೆ ಕತ್ತಲೆಯೂ ಬೆಳೆಯಿತು. ಮುಂದಿನ ಕೋಣೆಯ ಚಾಪೆಗೆ ಬೂಸಲು ಹಿಡಿದು ವಾಸನೆ ಬರತೊಡಗಿತು. ಮಧ್ಯಾಹ್ನವೇ ದೀಪ ಹಾಕಬೇಕಿತ್ತು. ಗಾಳಿ ಬೀಸಿದಾಗ ಎಲೆಗಳ ನೆರಳು ಗೋಡೆಯ ಮೇಲೆಲ್ಲ ಓಡಾಡುವುದು ನೋಡಿ ನಾನು ಅಪ್ಪನ ತೋಳು ಹಿಡಿದುಕೊಳ್ಳುತ್ತಿದ್ದೆ.

ಬಾಗಿಲ ಗಂಟೆ ಬಾರಿಸಿದರೆ ಯಾರೂ ತೆರೆಯಬಾರದು ಎನ್ನುವುದು ಆ ಹೊತ್ತಿಗೆ ನಮ್ಮ ಮನೆಯ ಕಾನೂನಾಗಿತ್ತು. ಗಂಟೆ ಕೇಳಿದ ಕೂಡಲೇ ಅಪ್ಪ ಒಲೆ ಆರಿಸಿ, ನನ್ನ ಕೈ ಹಿಡಿದು, ಕಿಟಕಿಯಿಲ್ಲದ ಓಣಿಯಂಥ ನಡುಮನೆಯಲ್ಲಿ ನೆಲಕ್ಕೆ ಕೂರಿಸುತ್ತಿದ್ದರು. ಪತ್ರಿಕೆ ಮಾರುವವನಿರಲಿ, ಪಾರ್ಸೆಲ್ ತಂದವನಿರಲಿ, ಹೆಜ್ಜೆ ಸಪ್ಪಳ ದೂರ ಹೋಗುವ ತನಕ ನಾವು ಅಲ್ಲೇ. ಒಂದು ಸಲ ಗಂಟೆಯ ಹಿಂದೆಯೇ ನನ್ನ ಕ್ಲಾಸಿನ ಮಿಸಾಕಿಯ ದನಿ ಕೇಳಿತು. ಆಟಕ್ಕೆ ಬಾ ಎಂದು ಹೆಸರು ಹಿಡಿದು ಕೂಗುತ್ತಿದ್ದಳು. ಎದ್ದು ಓಡಬೇಕೆನ್ನಿಸಿತು. ಅಪ್ಪನ ಕೈ ನನ್ನ ಮಣಿಕಟ್ಟಿನ ಮೇಲಿತ್ತು. ಗಟ್ಟಿಯಾಗಿ ಹಿಡಿದಿರಲಿಲ್ಲ. ಆದರೆ ಆ ಅಂಗೈ ಬೆವೆತು ಒದ್ದೆಯಾಗಿತ್ತು, ಆ ಒದ್ದೆ ಕೈಯನ್ನು ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ. ಮರುದಿನ ಮಿಸಾಕಿ ಸ್ಕೂಲಿನಲ್ಲಿ, ನಿಮ್ಮ ಮನೆಯೊಳಗೆ ನೀರು ಬೀಳುತ್ತಿದ್ದ ಸದ್ದು ಕೇಳಿತಲ್ಲ ಎಂದಳು. ಆಮೇಲೆ ಅವಳು ಕರೆಯಲು ಬರಲಿಲ್ಲ.

ನನ್ನ ಭಯ ಬೇರೆಯದೇ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಸ್ಕೂಲಿನಿಂದ ಬಂದು ಜಾರುಬಾಗಿಲು ತೆರೆದು "ತದಾಯ್ಮಾ, ಬಂದೆ" ಎಂದು ಕೂಗಿದಾಗ ಒಳಗಿನಿಂದ ಉತ್ತರ ಬರುವುದು ತುಸು ತಡವಾದರೂ ಶೂ ಬಿಚ್ಚದೆ ಒಳಗೆ ಓಡುತ್ತಿದ್ದೆ. ಅಪ್ಪನಿಗೆ ಏನೋ ಆಗುತ್ತಿದೆ, ಒಂದು ದಿನ ನಾನು ಬಂದಾಗ ಅದು ಆಗಿಹೋಗಿರುತ್ತದೆ ಎನ್ನಿಸುತ್ತಿತ್ತು. ಏನು ಆಗಿಹೋಗಿರುತ್ತದೆ ಎಂದು ನನಗೇ ತಿಳಿದಿರಲಿಲ್ಲ. ಕ್ಲಾಸಿನಲ್ಲಿ ಟೀಚರ್ ಪಾಠ ಮಾಡುವಾಗಲೂ ಕಿವಿ ಮನೆಯ ಕಡೆಯೇ ಇರುತ್ತಿತ್ತು. ಅಮ್ಮನ ಕಿವಿಯೂ ಹಾಗೆಯೇ ಇತ್ತೆನ್ನುವುದು ಬಹಳ ತಡವಾಗಿ ತಿಳಿಯಿತು.

ಐದನೇ ಕ್ಲಾಸಿನ ಬೇಸಿಗೆಯಲ್ಲಿ ಒಂದು ದಿನ ಕಿಮುರಾ ಸಾನ್ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿದರು. ಗಿಡ್ಡ ಮೈಯ, ಬಗ್ಗಿದ ಬೆನ್ನಿನ ಅಜ್ಜಿ. ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಮ್ಮ ಮರದ ಬುಡದ ಕಡೆ ಕೈ ತೋರಿಸಿದರು. ಕಾಂಡದ ಸುತ್ತ ನೆಲದ ಮೇಲೆ ರವೆಯಂಥ ಪುಡಿ ಬಿದ್ದಿತ್ತು.

"ಅಪ್ಪನಿಗೆ ಹೇಳಮ್ಮ," ಎಂದು ಮೆತ್ತಗೆ ಜಪಾನಿಯಲ್ಲಿ ಹೇಳಿದರು. "ಒಳಗೆ ಹುಳ ಸೇರಿದೆ. ಈ ಜಾತಿಯ ಮರ ಬೇಗ ಬೆಳೆಯುತ್ತೆ, ಆದರೆ ಹುಳಕ್ಕೆ ಬಹಳ ಇಷ್ಟ. ತೈಫೂನ್ ಬಿರುಗಾಳಿ ಬಂದರೆ ಅಪಾಯ."

ಆ ಸಂಜೆ ಊಟಕ್ಕೆ ಕೂತಾಗ ಹೇಳಿದೆ. ಅಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು.

"ಮತ್ತೇನ್ ಕೇಳಿದ್ರು?"

"ಏನೂ ಇಲ್ಲ. ಮುಶಿ ಇದೆ ಅಂದ್ರು. ಹುಳ."

"ನಮ್ಮ ಬಗ್ಗೆ ಏನೂ ಕೇಳ್ಲಿಲ್ವಾ? ಅಪ್ಪ ಏನ್ಮಾಡ್ತಾರೆ, ಮನೇಲೇ ಇರ್ತಾರಾ ಅಂತ?"

"ಇಲ್ಲಪ್ಪ."

"ಹುಳ ಅಂತ ನೆಪ ಅಷ್ಟೇ. ಮರ ಕಡಿಸ್ಬೇಕು, ಒಳಗೆ ನೋಡ್ಬೇಕು. ಅದಕ್ಕೆ."

ಅಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಅವಳು ದನಿ ಏರಿಸಿ ಮಾತಾಡುವವಳಲ್ಲ. ಅಂದು ಏರಿಸಿದಳು.

"ಏನ್ ನೋಡ್ತಾರ್ರೀ? ನಮ್ಮನೇಲಿ ನೋಡೋಕೆ ಏನಿದೆ? ಕತ್ಲೆ ಇದೆ. ಹಗಲೇ ಇಲ್ಲ ಈ ಮನೇಲಿ. ಲ್ಯಾಬಲ್ಲಿ ಕೂತಿದ್ರೂ ನಂಗೆ ಇದೇ ಯೋಚ್ನೆ. ಫೋನ್ ಬಂದ್ರೆ ಸಾಕು, ಮನೆಯಿಂದ್ಲೇನೋ ಅನ್ಸುತ್ತೆ. ಡಾಕ್ಟ್ರ ಹತ್ರ ಹೋಗಿ ಬರೋಣ ಅಂದ್ರೆ ಬರಲ್ಲ. ಮರ ಕಡಿಸೋಣ."

"ನೀನು ಬೆಳಗಾದ್ರೆ ಹೋಗ್ತೀಯ ಶೈಲಾ. ಇಲ್ಲಿರೋನು ನಾನು."

"ಇರಿ ಅಂತ ಯಾರು ಹೇಳಿದ್ರು?"

ಈ ಮಾತು ಹೊರಬಿದ್ದ ಮೇಲೆ ಅಮ್ಮನೇ ಅದಕ್ಕೆ ಬೆಚ್ಚಿದಳು. ಅಪ್ಪ ಎದ್ದು ಹೋಗಿ ಜಗಲಿಯ ಬಾಗಿಲು ಎಳೆದರು. ಮರುದಿನ ನಾನು ಸ್ಕೂಲಿನಿಂದ ಬಂದಾಗ ಮರದ ತೂತುಗಳಿಗೆಲ್ಲ ಮೇಣದಬತ್ತಿ ಕರಗಿಸಿ ತುಂಬಿದ್ದರು. ಮರಕ್ಕೂ ಗೇಟಿನ ಕಂಬಕ್ಕೂ ಹಗ್ಗ ಬಿಗಿದಿದ್ದರು. ಕಪ್ಪು ಬೆನ್ನಿನ ಮೇಲೆ ಬಿಳಿ ಚುಕ್ಕೆಗಳಿದ್ದ ಒಂದು ಉದ್ದ ಮೀಸೆಯ ಹುಳ ಕೊಂಬೆಯ ಮೇಲೆ ನಿಧಾನವಾಗಿ ನಡೆಯುತ್ತಿತ್ತು. ಅಪ್ಪ ಅದನ್ನು ನೋಡುತ್ತ ನಿಂತಿದ್ದರು. ಹೊಡೆದು ಹಾಕಲಿಲ್ಲ. ಹೆದರಿದ್ದರೆಂದು ಈಗ ಅನ್ನಿಸುತ್ತದೆ.

ತೈಫೂನ್ ಬಂದದ್ದು ಸೆಪ್ಟೆಂಬರಿನಲ್ಲಿ. ಸ್ಕೂಲನ್ನು ಬೇಗ ಬಿಟ್ಟು, ನಮ್ಮನ್ನು ಗುಂಪುಗುಂಪಾಗಿ ಟೀಚರುಗಳೇ ಮನೆ ಮುಟ್ಟಿಸಿದರು. ಅಮ್ಮ ಆ ದಿನ ಒಂದು ಸಭೆಗೆಂದು ಟೋಕಿಯೋಗೆ ಹೋಗಿದ್ದಳು. ರೈಲು ನಿಲ್ಲಿಸಿದ್ದಾರೆ, ಬರಲು ಆಗುವುದಿಲ್ಲ ಎಂದು ಫೋನ್ ಮಾಡಿದಳು. ಅಪ್ಪ ಮನೆಯ ಸುತ್ತಲಿನ ಮರದ ಕದಗಳನ್ನೆಲ್ಲ ಎಳೆದು ಭದ್ರ ಮಾಡಿದ್ದರು, ಮುಂದಿನ ಕೋಣೆಯದೊಂದನ್ನು ಬಿಟ್ಟು. ಮರ ಕಾಣುತ್ತಿರಬೇಕು ಎಂದರು. ಮಧ್ಯಾಹ್ನದ ಹೊತ್ತಿಗೆ ಕರೆಂಟ್ ಹೋಯಿತು. ಊರಿನ ಧ್ವನಿವರ್ಧಕದಲ್ಲಿ ಯಾರೋ ಏನನ್ನೋ ಎಚ್ಚರಿಸುತ್ತಿದ್ದರು, ಗಾಳಿಗೆ ಮಾತು ತುಂಡುತುಂಡಾಗಿ ಬಂದು ಒಂದೂ ತಿಳಿಯುತ್ತಿರಲಿಲ್ಲ. ಮರ ಬಾಗಿ ನಮ್ಮ ಕಡೆ ಬರುವುದು, ಎದ್ದು ಆ ಕಡೆ ಹೋಗುವುದು. ಪ್ರತಿಸಲ ಅದು ಈ ಕಡೆ ಬಾಗಿದಾಗ ಅಪ್ಪ ನನ್ನನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು. ಅವರ ಎದೆ ಹೊಡೆದುಕೊಳ್ಳುವುದು ನನ್ನ ಕಿವಿಗೆ ಗಾಳಿಗಿಂತ ಜೋರಾಗಿ ಕೇಳಿಸುತ್ತಿತ್ತು. ಆಮೇಲೆ ಹಗ್ಗ ಹರಿದ ಸದ್ದು, ಅದರ ಹಿಂದೆಯೇ ಒಣ ಸೌದೆ ಸೀಳಿದಂಥ ಒಂದು ಸದ್ದು. ಮರ ಬುಡದ ಹತ್ತಿರ ಮುರಿದು ನಮ್ಮ ಗೇಟನ್ನು ಕಿತ್ತುಕೊಂಡು ರಸ್ತೆಗೆ ಅಡ್ಡಲಾಗಿ ಬಿತ್ತು. ಅದರ ತಲೆ ಕಿಮುರಾ ಸಾನ್ ಮನೆಯ ಮುಂಬಾಗಿಲಿನ ಚಾವಣಿಯ ಮೇಲಿತ್ತು.

"ನಮ್ಮೇಲೆ ಬೀಳ್ಲಿಲ್ಲ," ಎಂದರು ಅಪ್ಪ. "ಮರಿ, ನಮ್ಮೇಲೆ ಬೀಳ್ಲಿಲ್ಲ."

ಎಷ್ಟೋ ಕಾಲದ ಮೇಲೆ ಕೋಣೆಯೊಳಗೆ ಬೆಳಕು ಬಂದಿತ್ತು. ಮೋಡದ ಬೆಳಕೇ ಆದರೂ ಕಣ್ಣು ಕುಕ್ಕಿತು. ಎದುರು ಮನೆಯ ಮೇಲಿನ ಕಿಟಕಿ ಈಗ ಪೂರ್ತಿ ಕಾಣುತ್ತಿತ್ತು. ಅಪ್ಪ ಅಭ್ಯಾಸದಂತೆ ಪರದೆಯ ಕಡೆ ಕೈ ಚಾಚಿದವರು ಹಾಗೆಯೇ ನಿಂತರು.

"ಅಜ್ಜಿ ಎಲ್ಲಿ?"

ಕಿಟಕಿ ಖಾಲಿ ಇತ್ತು.

"ಇಷ್ಟು ದೊಡ್ಡ ಸದ್ದಾಗಿದೆ. ನೋಡೋಕೆ ಬರ್ಬೇಕಿತ್ತಲ್ಲ. ಯಾವಾಗ್ಲೂ ಇರ್ತಾರಲ್ಲ ಅಲ್ಲಿ."

ನನ್ನ ಕೈಗೆ ಫೋನ್ ಕೊಟ್ಟು ಆಂಬ್ಯುಲೆನ್ಸಿಗೆ ಮಾತಾಡಲು ಹೇಳಿದರು. ನಾನು ವಿಳಾಸ ಹೇಳಿದೆ. ಗಾಳಿ ತಗ್ಗದೆ ಬರಲಾಗುವುದಿಲ್ಲ, ನೀವು ಮನೆಯೊಳಗೇ ಇರಿ ಎಂದರು. ಅಪ್ಪ ಕೋಣೆಯಲ್ಲಿ ಅತ್ತಿಂದಿತ್ತ ನಡೆದರು. ಕಿಟಕಿಗೆ ಬಂದು ನೋಡುವುದು, ಮತ್ತೆ ನಡೆಯುವುದು. ಗಾಳಿ ಸ್ವಲ್ಪ ಸಡಿಲಾಗಿ ಬರಿ ಮಳೆ ಉಳಿದಾಗ "ನೀನಿಲ್ಲೇ ಇರು" ಎಂದು ಹೇಳಿ ಬಾಗಿಲು ತೆರೆದರು. ಒಬ್ಬಳೇ ಇರುವುದು ನನಗೆ ಗಾಳಿಗಿಂತ ದೊಡ್ಡ ಭಯವಾಗಿತ್ತು. ಹಿಂದೆಯೇ ಓಡಿದೆ. ಗೇಟು ಇದ್ದ ಜಾಗದಲ್ಲಿ ಎರಡು ಕಂಬ ಮಾತ್ರ ನಿಂತಿದ್ದವು. ಮುರಿದ ಬುಡದ ಒಳಗೆಲ್ಲ ಟೊಳ್ಳು, ಒದ್ದೆ ಕಂದು ಪುಡಿ. ಇಷ್ಟು ವರ್ಷ ನಮ್ಮನ್ನು ಮರೆಮಾಡಿದ್ದು ಅಷ್ಟು ತೆಳುವಾದ ತೊಗಟೆ. ಅಪ್ಪ ಕೊಂಬೆಗಳನ್ನು ಎರಡೂ ಕೈಯಲ್ಲಿ ಮುರಿಯುತ್ತ, ಕಾಂಡ ಹತ್ತಿ ಆಚೆ ಇಳಿದರು. ಎದುರು ಮನೆಯ ಬಾಗಿಲಿನ ಗಾಜು ಒಡೆದಿತ್ತು.

"ಸುಮಿಮಾಸೆನ್!" ಎಂದು ಕೂಗಿದರು. ಕ್ಷಮಿಸಿ ಎನ್ನುವ ಆ ಪದ ಅವರ ಬಾಯಿಂದ ಕೇಳದೆ ವರ್ಷಗಳಾಗಿದ್ದವು. "ಸುಮಿಮಾಸೆನ್! ಕಿಮುರಾ ಸಾನ್!"

ಒಳಗಿನಿಂದಲೂ ಸಣ್ಣ ದನಿಯಲ್ಲಿ ಅದೇ ಪದ ಬಂತು. ಚಪ್ಪಲಿ ಬಿಡುವ ಜಾಗದಲ್ಲಿ, ಗಾಜಿನ ಚೂರುಗಳ ನಡುವೆ ಅಜ್ಜಿ ಕೂತಿದ್ದರು. ಬಾಗಿಲು ಭದ್ರ ಮಾಡಲು ಬಂದಾಗ ಮರ ಬಿದ್ದು, ಗಾಬರಿಯಿಂದ ಜಾರಿ ಬಿದ್ದಿದ್ದರು. ಪಾದದಿಂದ ರಕ್ತ ಹರಿಯುತ್ತಿತ್ತು, ಏಳಲು ಆಗುತ್ತಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಸುಮಿಮಾಸೆನ್, ಸುಮಿಮಾಸೆನ್ ಎನ್ನುತ್ತಲೇ ಇದ್ದರು. ಅಪ್ಪ ತಮ್ಮ ಅಂಗಿಯ ತೋಳು ಹರಿದು ಅಜ್ಜಿಯ ಪಾದಕ್ಕೆ ಬಿಗಿದು ಕಟ್ಟಿದರು. ಅಜ್ಜಿ ನನ್ನನ್ನು ಕರೆದು, ಮೇಲಿನ ಕೋಣೆಯಲ್ಲಿರುವ ಕೈಚೀಲ ತಾ ಎಂದರು. ಓಡಿ ಮೆಟ್ಟಿಲು ಹತ್ತಿದೆ. ಆ ಕಿಟಕಿಯ ಪಕ್ಕದಲ್ಲಿ ಒಂದು ಹೊಲಿಗೆ ಯಂತ್ರ, ಅದರ ಮುಂದೆ ತಗ್ಗಿನ ಕುರ್ಚಿ. ಹೊರಗೆ ನೋಡಿದೆ. ನಮ್ಮ ಜಗಲಿ, ಬಾಗಿಲು ತೆರೆದ ಕೋಣೆ, ಒಳಗೆ ನನ್ನ ಸ್ಕೂಲ್ ಬ್ಯಾಗು, ಗೋಡೆಯ ಗೂಡಿನಲ್ಲಿ ಚಾಮುಂಡಿಯ ಪಟ, ಎಲ್ಲವೂ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಅದು ಅಪ್ಪ ಬರಿ ಕಲ್ಪಿಸಿಕೊಂಡದ್ದಾಗಿರಲಿಲ್ಲ. ಇಲ್ಲಿಂದ ನಾವು ನಿಜವಾಗಿಯೂ ಕಾಣುತ್ತಿದ್ದೆವು.

ಮರ ಅಡ್ಡ ಬಿದ್ದದ್ದರಿಂದ ಆಂಬ್ಯುಲೆನ್ಸ್ ಒಳಗೆ ಬರುವ ಹಾಗಿರಲಿಲ್ಲ. ಅಪ್ಪ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು, ಹುಲ್ಲುಹಾಸಿನ ಹೊಲದ ಪಕ್ಕದಲ್ಲಿ, ಪಾದ ಮುಳುಗುವ ನೀರಿನಲ್ಲಿ ದೊಡ್ಡ ರಸ್ತೆಯ ತನಕ ನಡೆದರು. ನಾನು ಚೀಲ ಹಿಡಿದು ಹಿಂದೆ. ಅಲ್ಲಿ ಆಂಬ್ಯುಲೆನ್ಸಿನ ಜೊತೆ ಪೊಲೀಸ್ ಕಾರೂ ನಿಂತಿತ್ತು. ಅದನ್ನು ಕಂಡ ಕೂಡಲೇ ಅಪ್ಪನ ಹೆಜ್ಜೆ ನಿಂತಿತು. ನಾನು ಅವರ ಅಂಗಿ ಹಿಡಿದುಕೊಂಡೆ. ಈಗ ಅಜ್ಜಿಯನ್ನು ಇಲ್ಲೇ ಇಳಿಸಿ ಓಡಿಬಿಡುತ್ತಾರೆ ಅನ್ನಿಸಿತು. ಅಪ್ಪ ನಡೆದರು. ಅಜ್ಜಿಯನ್ನು ಸ್ಟ್ರೆಚರಿಗೆ ಒಪ್ಪಿಸಿದ ಮೇಲೆ ಒಬ್ಬ ಹರೆಯದ ಪೊಲೀಸ್ ಬಂದು ಹೆಸರು ಕೇಳಿದರು, ಗುರುತಿನ ಕಾರ್ಡ್ ಇದೆಯೇ ಎಂದು ಕೇಳಿದರು. ಮನೆಯಲ್ಲಿರುತ್ತದೆ, ಓಡಿ ತರುತ್ತೇನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅಂಗಿಯ ಜೇಬಿನಿಂದ ಅದನ್ನು ತೆಗೆದರು. ತಮ್ಮ ಮನೆಯೊಳಗೇ ಇರುವಾಗಲೂ, ಅಡುಗೆ ಮಾಡುವಾಗಲೂ, ನನಗೆ ಕನ್ನಡ ಬರೆಸುವಾಗಲೂ ಅವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಇರುತ್ತಿದ್ದರೆಂದು ನನಗೆ ಆಗ ತಿಳಿಯಿತು. ಕಾರ್ಡು ಅವರ ಕೈಯಿಂದ ಜಾರಿ ನೀರಿಗೆ ಬಿತ್ತು. ಆ ಪೊಲೀಸ್ ಬಗ್ಗಿ ಎತ್ತಿಕೊಂಡು, ಓದಿ, ತನ್ನ ತೋಳಿಗೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಅಜ್ಜಿಯ ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಮುಂದಿನ ವಾರ ಅಮ್ಮ ನಮ್ಮನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನಮ್ಮ ಮರದಿಂದ ಹೀಗಾಯಿತು ಎಂದು ಅಮ್ಮ ಬಗ್ಗಿ ಬಗ್ಗಿ ಕ್ಷಮೆ ಕೇಳಿದಳು. ಕಿಮುರಾ ಸಾನ್ ದಿಂಬಿಗೆ ಒರಗಿ ಅಪ್ಪನನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಹೇಳತೊಡಗಿದರು. ಅವರ ಹಳ್ಳಿಯ ಮಾತಿನ ಜಪಾನಿ ಅಮ್ಮನಿಗೆ ಹಿಡಿಯಲಿಲ್ಲ.

"ಏನಂತೆ?" ಎಂದಳು ಅಮ್ಮ.

ನನಗೆ ತಟ್ಟನೆ ಕನ್ನಡ ಬರಲಿಲ್ಲ.

"ಅಜ್ಜಿ ನೋಡ್ತಿದ್ರಂತೆ. ಮರ ಚಿಕ್ಕದಿದ್ದಾಗ. ನೀನು, ನಾನು ಹೋದ್ಮೇಲೆ ದಿನಾ ಅಪ್ಪ ಗೇಟ್ ತನಕ ಬರ್ತಿದ್ರಂತೆ. ಶೂ ಹಾಕ್ಕೊಂಡು. ಗೇಟ್ ಹಿಡ್ಕೊಂಡು ನಿಂತು, ವಾಪಸ್ ಹೋಗ್ತಿದ್ರಂತೆ. ದಿನಾ. ಇವತ್ತು ಹೊರಗೆ ಬರ್ತಾರೆ, ಇವತ್ತು ಬರ್ತಾರೆ ಅಂತ ಇವ್ರು ಮೇಲಿಂದ ನೋಡ್ತಿದ್ರಂತೆ. ಆಮೇಲೆ ಮರ ದೊಡ್ಡದಾಯ್ತು, ಕಾಣ್ಲಿಲ್ಲ. ಈಗ್ಲೂ ಬರ್ತಿದಾರೋ, ಬಿಟ್ಬಿಟ್ರೋ ಅಂತ ತುಂಬಾ ಶಿನ್‌ಪಾಯ್, ಅಂದ್ರೆ, ಯೋಚ್ನೆ ಆಗ್ತಿತ್ತಂತೆ."

ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ನೆಲ ನೋಡುತ್ತಿದ್ದರು.

"ದಿನಾನಾ?" ಎಂದಳು.

"ಹೂಂ."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಗೇಟ್ ತನಕ ಹೋಗಿದ್ದೆ ಅಂತನಾ?"

ಸೈಕಲ್ಲಿನ ವಿಷಯವನ್ನು ಯಾರೂ ಎತ್ತಲಿಲ್ಲ. ಅದನ್ನು ಯಾರಾದರೂ ಪೊಲೀಸರಿಗೆ ಹೇಳಿದ್ದರೋ ಇಲ್ಲವೋ ಇವತ್ತಿಗೂ ತಿಳಿಯದು.

ಮರವನ್ನು ತುಂಡು ಮಾಡಿ ಒಯ್ದರು. ಗೇಟು ಹೊಸದು ಹಾಕುವುದು ತಡವಾಯಿತು. ಅಪ್ಪನಿಗೆ ಎಲ್ಲ ಸರಿಹೋಯಿತೆಂದು ನಾನು ತಿಳಿದಿದ್ದೆ. ಆದರೆ ಅವರು ಮತ್ತೆ ಮೊದಲಿನಂತೆ ಒಳಗೇ ಉಳಿದರು. ಒಂದು ಬೆಳಿಗ್ಗೆ ನಾನೂ ಅಮ್ಮನೂ ಹೊರಟು ರಸ್ತೆಯ ತಿರುವು ದಾಟಿದ ಮೇಲೆ ಅಮ್ಮ ಕಾರು ನಿಲ್ಲಿಸಿದಳು. ಇಳಿದು ಬಾ ಎಂದಳು. ಕಸದ ಚೀಲಗಳನ್ನಿಡುವ ಬಲೆಯ ಗೂಡಿನ ಹಿಂದೆ ನಿಂತು ಇಬ್ಬರೂ ಮನೆಯ ಕಡೆ ನೋಡಿದೆವು. ಸ್ವಲ್ಪ ಹೊತ್ತಿಗೆ ಅಪ್ಪ ಬಂದರು. ಶೂ ಹಾಕಿದ್ದರು. ಎರಡು ಕಂಬಗಳ ನಡುವೆ ಬಂದು ನಿಂತರು. ಮುಂದೆ ತಡೆಯುವಂಥದ್ದು ಏನೂ ಇರಲಿಲ್ಲ, ಬರಿ ರಸ್ತೆ. ಅಮ್ಮ ನನ್ನ ಭುಜ ಹಿಡಿದಿದ್ದಳು, ಅವಳ ಉಗುರು ನೆಡುತ್ತಿತ್ತು. ಅಪ್ಪ ಒಂದು ಕಾಲು ಎತ್ತಿದರು, ಇಟ್ಟರು, ಹಿಂದೆ ತಿರುಗಿ ಒಳಗೆ ಹೋದರು. ಅಮ್ಮ ಕಣ್ಣೊರೆಸಿಕೊಂಡು "ನಾಳೆ" ಎಂದಳು.

ನಾಳೆಯೂ ಆಗಲಿಲ್ಲ, ಅದರ ನಾಳೆಯೂ ಆಗಲಿಲ್ಲ. ನಾವು ದಿನಾ ನಿಂತೆವು. ಅವರು ಬರುವುದು ತಡವಾದ ದಿನ ಅಮ್ಮ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು, ಬಂದು ಹಿಂದಿರುಗಿದ ದಿನ ಅಷ್ಟಾದರೂ ಬಂದರಲ್ಲ ಎಂದು ಕಾರು ಹತ್ತುತ್ತಿದ್ದೆವು. ಚಳಿ ಶುರುವಾಯಿತು. ಸಣ್ಣ ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಅಪ್ಪ ಛತ್ರಿ ಹಿಡಿದು ಬಂದರು, ಕಂಬಗಳ ನಡುವೆ ನಿಂತರು. ಆಮೇಲೆ ತಲೆ ತಗ್ಗಿಸಿ ಹೊಳೆಗೆ ಇಳಿಯುವವರ ಹಾಗೆ ರಸ್ತೆಗೆ ಇಳಿದು, ನೇರವಾಗಿ ನಮ್ಮ ಕಡೆಯೇ ನಡೆದು ಬಂದರು. ಓಡಿ ಅಡಗಲು ಜಾಗವಿರಲಿಲ್ಲ. ಬಲೆಯ ಗೂಡಿನ ಹಿಂದೆ ನೆನೆಯುತ್ತ ನಿಂತಿದ್ದ ಹೆಂಡತಿಯನ್ನೂ ಮಗಳನ್ನೂ ನೋಡಿ ಅಪ್ಪ ನಿಂತರು. ಮುಖ ಬಿಳಿಚಿಕೊಂಡಿತ್ತು.

"ಇನ್ನೂ ಇಲ್ಲೇ ನಿಂತಿದೀರಾ?" ಎಂದು ಗದರಿದರು. "ಸ್ಕೂಲಿಗೆ ಲೇಟಾಗಲ್ವಾ?"